ಮಗಳಿಗೊಂದು ಪತ್ರ: ಜೊತೆಗೆ ನಡೆಯುವವರು

ಒಂಟಿಕೊಪ್ಪಲು, ಮೈಸೂರು

ಪ್ರೀತಿಯ ಪುಟ್ಟಿ,

ನೀನು ಟ್ಯಾಬ್‌ಗೆ ಹಾಕಿಕೊಟ್ಟು ಹೋದ ಗೇಮ್ ಮುಗಿಸಿದೆ ಕಣೆ. ಮಾನ್ಯುಮೆಂಟ್ ವ್ಯಾಲಿಯ ಮೊದಲ ಭಾಗ. ಈಗ ಎರಡನೆಯದು ಆಡುತ್ತಿದ್ದೇನೆ. ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ.

ವಿಡಿಯೋ ಗೇಮ್ ಅಂದರೆ ಬರೀ ಗುಂಡು ಹಾರಿಸುವುದು ಅನ್ನುವವರಿಗೆಲ್ಲ ಇದನ್ನು ತೋರಿಸಬೇಕು. ಇಲ್ಲಿ ಅವಸರವೇ ಇಲ್ಲ. ಇಡಾ ಅನ್ನೋ ಪುಟ್ಟ ರಾಜಕುಮಾರಿ ಮಾತಾಡದೆ ನಡೆಯುತ್ತಾಳೆ. ನಾವು ಗೋಪುರವನ್ನು ಬೆರಳಲ್ಲಿ ತಿರುಗಿಸಬೇಕು. ಎಲ್ಲೋ ದೂರ ಇದ್ದ ಎರಡು ಕಂಬಗಳು ಒಂದಕ್ಕೊಂದು ಕೂಡಿದ ಹಾಗೆ ಕಣ್ಣಿಗೆ ಕಂಡರೆ ಸಾಕು, ಅಲ್ಲೇ ದಾರಿ ಆಗಿಬಿಡುತ್ತದೆ! ಎಷರ್ ಅನ್ನೋ ಡಚ್ ಕಲಾವಿದನ ಚಿತ್ರಗಳಿಂದ ಈ ಆಲೋಚನೆ ಬಂತಂತೆ. ಅವನ ಚಿತ್ರಗಳನ್ನೂ ಹುಡುಕಿ ನೋಡಿದೆ. ಮೆಟ್ಟಿಲು ಹತ್ತುತ್ತಾ ಹೋದವರು ಹೊರಟಲ್ಲಿಗೇ ಬಂದು ನಿಲ್ಲುತ್ತಾರೆ.

ಆದರೆ ನನಗೆ ಜಾಸ್ತಿ ಇಷ್ಟವಾಗಿದ್ದು ಆ ಟೋಟೆಮ್. ಒಂದೇ ಕಣ್ಣಿನ ಹಳದಿ ಕಂಬ. ಅದಕ್ಕೆ ಕೈಯಿಲ್ಲ, ಕಾಲಿಲ್ಲ, ಬಾಯಿಯೂ ಇಲ್ಲ. ಎಳೆದ ಕಡೆ ಬರುತ್ತದೆ, ಇಡಾಳನ್ನು ತಲೆ ಮೇಲೆ ನಿಲ್ಲಿಸಿಕೊಂಡು ದಾಟಿಸುತ್ತದೆ. ಇಷ್ಟೇ ಇದ್ದರೂ ಅದು ನೀರಿನಲ್ಲಿ ಮುಳುಗಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

2017ರಲ್ಲಿ ಬಂದ ಎರಡನೇ ಭಾಗದಲ್ಲಿ ರೋ ಅನ್ನೋ ತಾಯಿ, ಅವಳ ಹಿಂದೆ ಪುಟ್ಟ ಮಗಳು. ತಾಯಿ ಹೋದಲ್ಲೆಲ್ಲ ಮಗು ಪುಟಪುಟ ಓಡಿಬರುತ್ತದೆ. ನಡುವೆ ಗೋಡೆಯೋ ಹಳ್ಳವೋ ಬಂದು ಬೇರೆಯಾಗಿ, ಮತ್ತೆ ಸಿಕ್ಕಿದ ಕೂಡಲೇ ತಬ್ಬಿಕೊಳ್ಳುತ್ತಾರೆ. ಆಮೇಲೆ ಒಂದು ಕಡೆ ತಾಯಿ ಮಗಳನ್ನು ಒಬ್ಬಳೇ ಮುಂದಕ್ಕೆ ಕಳಿಸುತ್ತಾಳೆ. ಅಲ್ಲಿಂದ ಮಗಳನ್ನು ನಡೆಸುವುದೂ ನಮ್ಮ ಬೆರಳೇ, ತಾಯಿಯನ್ನು ನಡೆಸುವುದೂ ನಮ್ಮ ಬೆರಳೇ. ನೀನು ಇದನ್ನು ಬೇಕೂಂತಲೇ ಹಾಕಿಕೊಟ್ಟೆ ಅಲ್ವಾ? ಆ ಜಾಗಕ್ಕೆ ಬಂದಾಗ ಟ್ಯಾಬ್ ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ನಿಮ್ಮಪ್ಪನ ಒತ್ತಾಯಕ್ಕೆ ‘ತಿಥಿ’ ಸಿನಿಮಾ ಮತ್ತೆ ನೋಡಿದೆವು. ರಾಮ್ ರೆಡ್ಡಿ ನಿರ್ದೇಶನ, ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ತೆಗೆದದ್ದು. ನಟಿಸಿದವರೆಲ್ಲ ಹಳ್ಳಿ ಜನವೇ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂದಿತ್ತು. ಮಂಡ್ಯದ ಮಾತು ಕಿವಿಗೆ ಬಿದ್ದರೆ ನಿಮ್ಮಪ್ಪ ಬೇರೆ ಮನುಷ್ಯನೇ ಆಗಿಬಿಡುತ್ತಾರೆ.

ನೂರು ದಾಟಿದ ಅಜ್ಜ ಸತ್ತ ಮೇಲೆ ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಚಿಂತೆ. ಅವನಪ್ಪ ಗಡ್ಡಪ್ಪನಿಗೆ ಜಮೀನೂ ಬೇಡ, ತಿಥಿಯೂ ಬೇಡ. ನಡೆಯುತ್ತಲೇ ಇರುತ್ತಾನೆ. ಕುರಿ ಕಾಯುವವರ ಜೊತೆ ಸೇರಿಕೊಂಡು, ರಾತ್ರಿ ಬೆಂಕಿಯ ಮುಂದೆ ಕೂತು ತನ್ನ ಕಥೆ ಹೇಳುವ ಜಾಗ ಇದೆಯಲ್ಲ, ಅದು ಈ ಸಲ ನನ್ನನ್ನು ಹಿಡಿದು ನಿಲ್ಲಿಸಿತು. ಅಷ್ಟು ದೊಡ್ಡ ನೋವನ್ನು ಅವನು ದನಿ ಏರಿಸದೆ ಹೇಳುತ್ತಾನೆ. ಮನೆಯವರ ಮುಂದೆ ಬಿಚ್ಚದ ಬಾಯನ್ನು ಊರೂರು ಅಲೆಯುವವರ ಮುಂದೆ ಬಿಚ್ಚುತ್ತಾನೆ. ಮೊದಲ ಸಲ ನೋಡಿದಾಗ ನಾವೆಲ್ಲ ನಕ್ಕಿದ್ದೇ ಜಾಸ್ತಿ. ನಗು ಈಗಲೂ ಬಂತು. ಆದರೆ ಆ ಮುದುಕನ ಜೊತೆ ಯಾರಿದ್ದಾರೆ ಅಂತಲೇ ನೋಡುತ್ತಾ ಕೂತೆ.

ಈ ಗುಂಗಿನಲ್ಲೇ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಮತ್ತೆ ತೆಗೆದೆ. 2010ರಲ್ಲಿ ರಂಗಾಯಣದಲ್ಲಿ ಇದರ ನಾಟಕ ನೋಡಲು ನಿನ್ನನ್ನೂ ಕರೆದುಕೊಂಡು ಹೋಗಿದ್ದೆವು. ಬಸವಲಿಂಗಯ್ಯನವರು ರಾತ್ರಿಯಿಡೀ ಆಡಿಸಿದ ನಾಟಕ. ಜನ ಒಂದು ರಂಗದಿಂದ ಇನ್ನೊಂದಕ್ಕೆ ಎದ್ದು ಹೋಗಬೇಕಿತ್ತು. ನೀನು ನಿಮ್ಮಪ್ಪನ ಹೆಗಲ ಮೇಲೆ ನಿದ್ದೆ ಹೋಗಿದ್ದೆ. ಅಲ್ಲಿಗೆ ನಿನಗೆ ಅರ್ಧ ಕಥೆ ತಪ್ಪಿಹೋಯಿತು.

1967ರಲ್ಲಿ ಬಂದ ಪುಸ್ತಕ. ಬರೆದವರು ಇದ್ದದ್ದು ನಮ್ಮ ಬಡಾವಣೆಯ ‘ಉದಯರವಿ’ಯಲ್ಲಿ. ಜೀತದಾಳು ಗುತ್ತಿ ಕಾಡಿನ ದಾರಿಯಲ್ಲಿ ನಡೆಯುತ್ತಾನೆ, ಜೊತೆಗೆ ಅವನ ನಾಯಿ ಹುಲಿಯ. ಆ ನಾಯಿಯಿಂದಲೇ ಅವನಿಗೆ ನಾಯಿಗುತ್ತಿ ಅನ್ನೋ ಹೆಸರು. ಹೆಗ್ಗಡೆ, ಗೌಡರ ಮನೆಗಳ ಎಷ್ಟೋ ಕಥೆಗಳು ಈ ಪುಸ್ತಕದಲ್ಲಿವೆ. ಆದರೂ ಕುವೆಂಪು ಒಂದು ನಾಯಿಗೆ ಇಷ್ಟೊಂದು ಜಾಗ ಕೊಟ್ಟಿದ್ದಾರೆ. ಅದೂ ಮೈಮರೆತು ಕೊಟ್ಟದ್ದಲ್ಲ, ಅದಕ್ಕೆ ಸಲ್ಲಬೇಕಾದ್ದು ಅಂತ ಕೊಟ್ಟದ್ದು. ಈ ಮಳೆಗಾಲದಲ್ಲಿ ನನಗೆ ಸಿಕ್ಕ ಎಲ್ಲ ಜೊತೆಗಾರರಲ್ಲಿ ಹುಲಿಯನೇ ದೊಡ್ಡವನು ಪುಟ್ಟಿ.

ಪುಸ್ತಕ ಕೊರಿಯರ್‌ನಲ್ಲಿ ಕಳಿಸುತ್ತಿದ್ದೇನೆ. ಶುರುವಿನಲ್ಲಿ ಹೆಸರುಗಳು ಜಾಸ್ತಿ. ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ ಅಂತ ಬರುತ್ತಲೇ ಇರುತ್ತವೆ. ಯಾವ ಮನೆ ಯಾರದ್ದು ಅಂತ ತಲೆ ಕೆಡಿಸಿಕೊಳ್ಳಬೇಡ. ಗುತ್ತಿ, ಹುಲಿಯನ ಹಿಂದೆ ಹೋಗು, ಮಿಕ್ಕವರು ತಾವಾಗಿಯೇ ಸಿಗುತ್ತಾರೆ. ಕೊನೆಯಲ್ಲಿ ತುಂಗೆ ತುಂಬಿ ಹರಿಯುವ ಪುಟಗಳು ಬರುತ್ತವೆ. ಅಲ್ಲೇನಾಗುತ್ತದೆ ಅಂತ ನಾನು ಹೇಳುವುದಿಲ್ಲ. ಓದಿದ ಕೂಡಲೇ ಫೋನ್ ಮಾಡು, ಎಷ್ಟು ಹೊತ್ತಾದರೂ ಪರವಾಗಿಲ್ಲ.

ನಿನ್ನ
ಅಮ್ಮ