ಉಗಿ ಎಂಜಿನ್ ಮೇಳ: ಎಂಜಿನ್ ಹತ್ತುವ ವಿಚಾರವಾಗಿ ಪೋಷಕರಿಗೆ

ಪ್ರೀತಿಯ ಪೋಷಕರೇ,

ಸೆಪ್ಟೆಂಬರ್‌ನಲ್ಲಿ ಬೆಡ್‌ಫರ್ಡ್‌ಶೈರ್‌ನ ಓಲ್ಡ್ ವಾರ್ಡನ್ ಪಾರ್ಕಿನಲ್ಲಿ ನಡೆಯುವ ಹಳೆಯ ಉಗಿ ಎಂಜಿನ್‌ಗಳ ಮೇಳಕ್ಕೆ ನಮ್ಮ ಭಾನುವಾರದ ಕನ್ನಡ ಶಾಲೆಯ ಮಕ್ಕಳನ್ನು ಕರೆದೊಯ್ಯುವ ಸೂಚನೆ ಕಳಿಸಿದ್ದೆವು. ಬಂದ ಉತ್ತರಗಳೆಲ್ಲ ಹೆಚ್ಚುಕಡಿಮೆ ಆ ಸೂಚನೆಯ ಒಂದೇ ಸಾಲಿಗೆ ತಕರಾರು ಎತ್ತಿವೆ: ‘ಯಾವ ಮಗುವೂ ಎಂಜಿನ್ ಹತ್ತುವಂತಿಲ್ಲ.’ ಬಸ್ಸು, ಊಟ, ಟಿಕೆಟ್ ಬಗ್ಗೆ ಯಾರ ತಕರಾರೂ ಇಲ್ಲ. ಹಾಗಾಗಿ ಅವನ್ನು ಬಿಟ್ಟು ಇದೊಂದನ್ನೇ ಬರೆಯುತ್ತೇನೆ.

‘ಎಂಜಿನ್ ಮಾಲೀಕರೇ ಕೈಕೊಟ್ಟು ಹತ್ತಿಸಿಕೊಳ್ಳುತ್ತಾರೆ, ಶಾಲೆಗೇನು ಕಷ್ಟ?’ ಎಂದು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆಯೇ. ಆ ಮಾಲೀಕರು ಒಳ್ಳೆಯ ಜನ. ವರ್ಷವಿಡೀ ಉಜ್ಜಿ ತಿಕ್ಕಿ ಇಟ್ಟ ಎಂಜಿನ್ನನ್ನು ಮಕ್ಕಳಿಗೆ ತೋರಿಸುವುದು ಅವರಿಗೂ ಖುಷಿ. ಅಪ್ಪನ ಕೈಹಿಡಿದು ಒಂದು ಮಗು ಹೋಗುವುದು ಬೇರೆ, ನಮ್ಮ ಇಡೀ ತರಗತಿ ಸಾಲುಗಟ್ಟುವುದು ಬೇರೆ. ಹಳಿಯಿಲ್ಲದೆ ರಸ್ತೆಯಲ್ಲೇ ಓಡುವ ಈ ಉಗಿ ಎಂಜಿನ್ ಮೇಲೆ ಜಾಗವಿರುವುದು ಇಬ್ಬರಿಗೆ: ಒಬ್ಬ ಚಾಲಕ, ಇನ್ನೊಬ್ಬ ಸ್ಟಿಯರಿಂಗ್ ತಿರುಗಿಸುವವ. ಮೂರನೆಯವರು ನಿಂತರೆ ಮೊಣಕೈ ನೇರ ಒಲೆಯ ಬಾಗಿಲಿಗೇ ತಾಗುತ್ತದೆ.

ನಮ್ಮ ಅಡುಗೆಮನೆಯ ಕುಕ್ಕರ್ ಕೆಲಸ ಮಾಡುವುದು ಸುಮಾರು 15 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್) ಒತ್ತಡದಲ್ಲಿ, 121 ಡಿಗ್ರಿ ಶಾಖದಲ್ಲಿ. ಈ ಎಂಜಿನ್‌ಗಳಲ್ಲಿ ಹಲವು 150ರಿಂದ 200 ಪಿಎಸ್‌ಐನಲ್ಲಿ ಓಡುತ್ತವೆ. ಒಳಗಿನ ನೀರು 185ರಿಂದ 198 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದಿರುತ್ತದೆ. ಬಾಯ್ಲರ್‌ಗೆ ಹೊದಿಕೆ ಇದ್ದರೂ, ಬಾಯ್ಲರ್‌ಗೆ ನೀರು ತುಂಬುವ ಇಂಜೆಕ್ಟರ್‌ಗೆ ಹಬೆ ಒಯ್ಯುವ ತಾಮ್ರದ ಕೊಳವೆಗೆ ಸಾಮಾನ್ಯವಾಗಿ ಇರುವುದಿಲ್ಲ. ಕಾದ ತಾಮ್ರ ಬಣ್ಣ ಬದಲಿಸಿ ಎಚ್ಚರಿಸುವುದೂ ಇಲ್ಲ, ಥಳಥಳ ಹೊಳೆಯುತ್ತಲೇ ಇರುತ್ತದೆ. ಮಕ್ಕಳ ಕೈ ಮೊದಲು ಹೋಗುವುದು ಅಲ್ಲಿಗೇ.

‘ನಿಂತ ಎಂಜಿನ್ ಆದರೆ?’ ಎಂದೂ ಕೇಳಿದ್ದೀರಿ. ಒಲೆ ಉರಿಯುತ್ತಿರುವಾಗ ಇವು ಪೂರ್ತಿ ನಿಂತಿವೆ ಎನ್ನುವಂತಿಲ್ಲ. ಗೇರ್ ಬಿಡಿಸಿದರೆ ಗಾಲಿ ನಿಲ್ಲುತ್ತದೆ, ಪಕ್ಕದ ದೊಡ್ಡ ಫ್ಲೈವೀಲ್ (ಎಂಜಿನ್ನಿನ ಓಟ ಸಮವಾಗಿಡುವ ಭಾರದ ಚಕ್ರ) ತಿರುಗುತ್ತಲೇ ಇರಬಹುದು; ವೇಗದಲ್ಲಿ ಅದರ ಅರಗಳು ಕಣ್ಣಿಗೆ ಕಾಣುವುದಿಲ್ಲ. ಅದರಿಂದ ಕಾಳು ಒಕ್ಕುವ ಯಂತ್ರಕ್ಕೆ ಬೆಲ್ಟ್ ಹಾಕಿದ್ದರೆ ಕೆಳಗೆ ನುಸುಳುವ ಮಾತೇ ಇಲ್ಲ. ಜಾರಿದ ಬೆಲ್ಟ್ ಯಾವ ಕಡೆ ಬಡಿಯುತ್ತದೋ ಹೇಳಲಾಗದು. ಹಬೆ ಪಿಸ್ಟನ್ ತಳ್ಳುವ ಸಿಲಿಂಡರ್ ತಣ್ಣಗಾದಾಗ ಅದರಲ್ಲಿ ಹಬೆ ನೀರಾಗಿ ನಿಂತಿರುತ್ತದೆ. ನೀರನ್ನು ಅದುಮಲಾಗದ್ದರಿಂದ, ಹಾಗೆಯೇ ಓಡಿಸಿದರೆ ಸಿಲಿಂಡರ್ ಮುಚ್ಚಳವೇ ಸೀಳಬಹುದು. ಅದಕ್ಕೇ ಹೊರಡುವ ಮುನ್ನ ಚಾಲಕ ಆ ನೀರು ಹೊರಬಿಡುವ ಡ್ರೈನ್ ಕಾಕ್ ತೆರೆಯುತ್ತಾನೆ, ಬಿಸಿನೀರು ಬೆರೆತ ಹಬೆ ಭುಸ್ಸನೆ ಹೊರಗೆ ಚಿಮ್ಮುತ್ತದೆ. ಹೆಚ್ಚಾದ ಹಬೆ ಹೊರಬಿಡಲು ಸೇಫ್ಟಿ ವಾಲ್ವ್ ತೆರೆದಾಗಿನ ಸದ್ದಂತೂ ದೊಡ್ಡವರನ್ನೂ ಬೆಚ್ಚಿಬೀಳಿಸುತ್ತದೆ. ಹೆದರಿದ ಮಗು ನೋಡದೆ ಓಡುವುದು ಇನ್ನೊಂದು ಎಂಜಿನ್ನಿನ ದಾರಿಗೆ. ಹತ್ತು ಟನ್ ತೂಕದ ಆ ಎಂಜಿನ್ನಿನ ಚಾಲಕ ನಿಂತಿರುವುದು ಹಿಂದೆ. ಮುಂಗಾಲಿ ಪಕ್ಕದ ಮಗುವನ್ನು ಬಾಯ್ಲರ್ ಮರೆಮಾಡಿರುತ್ತದೆ. ಒದ್ದೆ ಹುಲ್ಲಿನ ಮೇಲೆ ಕಬ್ಬಿಣದ ಗಾಲಿ ಜಾರಲೂಬಹುದು. ನಡೆಯುವಷ್ಟೇ ವೇಗ, ನಿಜ. ಆದರೂ 1865ರ ಬ್ರಿಟನ್ನಿನ ಕಾನೂನು ಇಂಥ ವಾಹನದ 60 ಗಜ ಮುಂದೆ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕೆಂದಿತ್ತು. ನಮ್ಮ ನಿಯಮ ಅಷ್ಟು ಬಿಗಿಯಾಗಿಲ್ಲ.

‘ನನ್ನ ಮಗಳಿಗೆ ಹನ್ನೆರಡು, ತಿಳಿವಳಿಕೆ ಇದೆ’ ಎಂದವರಿಗೂ ಇದೇ ಉತ್ತರ. ಅವಳಿಗೆ ತಿಳಿವಳಿಕೆ ಇದೆ, ನನಗೂ ಗೊತ್ತು. ಅವಳನ್ನು ಹತ್ತಿಸಿ ಆರು ವರ್ಷದವನನ್ನು ಕೆಳಗೆ ನಿಲ್ಲಿಸುವುದು ನಮ್ಮಿಂದಾಗದು. ಪುಟ್ಟ ಮಾದರಿ ಎಂಜಿನ್‌ಗಳಿಗೂ ಇದೇ ನಿಯಮ: ಗಾತ್ರ ಚಿಕ್ಕದು, ಒಳಗಿರುವುದು ನಿಜವಾದ ಬೆಂಕಿ, ಅದೂ ಮಕ್ಕಳ ಕೈಮಟ್ಟದಲ್ಲಿ.

ಮನಸ್ಸು ಸಣ್ಣದು ಮಾಡಿಕೊಳ್ಳಬೇಡಿ. ಗಾಲಿಗೆ ಅಡ್ಡಗಟ್ಟೆ ಕೊಟ್ಟು, ಫ್ಲೈವೀಲ್ ನಿಂತಿರುವ ಎಂಜಿನ್ ಸಿಕ್ಕರೆ, ಮಾಲೀಕರನ್ನು ಕೇಳಿ, ಹಿಂಗಾಲಿಯ ಮುಂದೆ ನೆಲದ ಮೇಲೆ ನಿಲ್ಲಿಸಿ ಪ್ರತಿ ಮಗುವಿನ ಫೋಟೋ ತೆಗೆಯುತ್ತೇವೆ. ಉಗಿಯಿಂದ ತಿರುಗುವ ಮರದ ಕುದುರೆಗಳ ತಿರುಗಣಿ ಬಂದಿದ್ದರೆ ಅದನ್ನು ಧಾರಾಳವಾಗಿ ಹತ್ತಲಿ. ಅದರ ಎಂಜಿನ್ ನಡುವೆ ಬೇಲಿಯೊಳಗಿರುತ್ತದೆ. ಊರಿನಿಂದ ಬಂದಿರುವ ಅಜ್ಜ ಅಜ್ಜಿಯರನ್ನೂ ಕರೆತನ್ನಿ. ರೋಚೆಸ್ಟರ್‌ನ ಏವ್ಲಿಂಗ್ ಅಂಡ್ ಪೋರ್ಟರ್ ಕಂಪನಿಯ ರೋಡ್ ರೋಲರ್‌ಗಳು ಭಾರತಕ್ಕೂ ಹೋಗಿದ್ದವು. ಎಂಜಿನ್ನಿನ ಮುಂಭಾಗದಲ್ಲಿ ಹಿಂಗಾಲ ಮೇಲೆ ನಿಂತ ಹಿತ್ತಾಳೆ ಕುದುರೆ ಕಂಡರೆ ಅದು ಆ ಕಂಪನಿಯದೇ. ಊರಲ್ಲಿ ಅವನ್ನು ಕಂಡಿರಬಹುದಾದ ಅಜ್ಜ ಅಜ್ಜಿಯರೇ ಮಕ್ಕಳಿಗೆ ನಮಗಿಂತ ಚೆನ್ನಾಗಿ ವಿವರಿಸಿಯಾರು.

ಬಟ್ಟೆ ಹತ್ತಿಯದೋ ಉಣ್ಣೆಯದೋ ಇರಲಿ. ಚಿಮಣಿಯ ಕಿಡಿ ಬಿದ್ದರೆ ನೈಲಾನ್ ಕರಗಿ ಚರ್ಮಕ್ಕೆ ಅಂಟುತ್ತದೆ. ದುಪಟ್ಟ, ನೆಲ ಗುಡಿಸುವ ಲಂಗ, ಚಪ್ಪಲಿ ಬೇಡ. ಬೆರಳು ಮುಚ್ಚುವ ಶೂ ಬೇಕು. ಬಿಳಿ ಬಟ್ಟೆ ಹಾಕಿ ಕಳಿಸಿದರೆ ಮಸಿ, ಎಣ್ಣೆ ಕಲೆ ನಿಮ್ಮ ಪಾಲು. ಕಣ್ಣಿಗೆ ಮಸಿ ಬಿದ್ದರೆ ಉಜ್ಜದೆ ನೀರಿನಲ್ಲಿ ತೊಳೆಯಬೇಕೆಂದು ಮನೆಯಲ್ಲೇ ಹೇಳಿಕೊಡಿ. ಆಸ್ತಮಾ ಇದ್ದರೆ ಇನ್ಹೇಲರ್ ಚೀಲದಲ್ಲಲ್ಲ, ಜೇಬಿನಲ್ಲಿರಲಿ.

ಜೊತೆಗಿರುವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಮುಂದಿನ ಭಾನುವಾರ ಮಗುವಿನ ಕೈಯಲ್ಲಿ ಕಳಿಸಿ.

ತಣ್ಣಗಿರುವ ಬಾಯ್ಲರ್‌ನಲ್ಲಿ ಹಬೆ ಏರಲು ಎರಡು ಮೂರು ಗಂಟೆ ಬೇಕು. ಬೆಳಿಗ್ಗೆ ಬೇಗ ತಲುಪಿದರೆ ಬೆಂಕಿ ಹಚ್ಚುವುದು, ಎಣ್ಣೆ ಹಾಕುವುದು ಕಾಣಸಿಗುತ್ತದೆ. ಆದ್ದರಿಂದ ಬಸ್ಸು ತಡಮಾಡಿ ಬಂದವರಿಗೆ ಕಾಯುವುದಿಲ್ಲ.

ವಂದನೆಗಳೊಂದಿಗೆ,
ಮುಖ್ಯ ಶಿಕ್ಷಕಿ