ಮಗಳಿಗೊಂದು ಪತ್ರ: ಇಲ್ಲಿ ನಾವಿಬ್ಬರೇ ಇಲ್ಲ

ಪುಟ್ಟಿ,

ಹೋದ ಭಾನುವಾರ ಫೋನ್ ಇಡುವ ಮುಂಚೆ ನೀನು ಒಂದು ಮಾತು ಹೇಳಿದೆ. "ಅಪ್ಪಾಜಿ, ನಾನು ಬಂದುಬಿಟ್ಟೆ, ಅಲ್ಲಿ ನೀವಿಬ್ಬರೇ ಆಗಿಬಿಟ್ರಿ ಅಲ್ವಾ" ಅಂತ. ಹಾಗೇನಿಲ್ಲ ಅಂದೆ. ಅಷ್ಟರಲ್ಲಿ ನಿನ್ನ ಟೈಮ್ ಮುಗಿಯಿತು. ಆ ಮಾತು ಮೂರು ದಿನದಿಂದ ತಲೆಯಲ್ಲೇ ಇದೆ, ಕೊಯ್ಲು ಕುಯ್ಯುವಾಗಲೂ ಅದೇ. ಫೋನಿನಲ್ಲಿ ಇದನ್ನೆಲ್ಲ ಹೇಳೋಕೆ ಆಗಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅರೇಬಿಕಾ ಕಾಫಿ ಹಣ್ಣಾಗಿದೆ, ಹಗಲು ಪುರುಸೊತ್ತಿಲ್ಲ. ಈಗ ರಾತ್ರಿ ಹತ್ತು ಗಂಟೆ, ನಿನ್ನಮ್ಮ ಮಲಗಿದ್ದಾಳೆ.

ನೇವಿ ಟ್ರೈನಿಂಗಿಗೆ ಅಂತ ಚಿಲ್ಕಾದ ಗೇಟಿನ ಒಳಗೆ ನೀನು ಹೋದ ಮೇಲೆ ಹೊರಗೆ ಏನಾಯಿತು ಅಂತ ನಿನಗೆ ಗೊತ್ತಿಲ್ಲ. ನಾನೂ ಹೇಳಿಲ್ಲ. ಅವತ್ತು ಯಾರೂ ಅಲ್ಲಿಂದ ಕದಲಲಿಲ್ಲ. ಮಕ್ಕಳೆಲ್ಲ ಒಳಗೆ ಹೋಗಿ ಒಂದು ಗಂಟೆಯಾದರೂ ಅಪ್ಪ ಅಮ್ಮಂದಿರು ಹಾಗೇ ನಿಂತಿದ್ದರು, ಒಡಿಶಾದ ಆ ಬಿಸಿಲಲ್ಲಿ, ನಮ್ಮ ಶಾಂತಳ್ಳಿಯಲ್ಲಿ ಬೇಸಿಗೆಯಲ್ಲೂ ಅಂಥ ಬಿಸಿಲು ನಾವು ನೋಡಿದವರಲ್ಲ. ನಿನ್ನಮ್ಮ ಗೇಟಿನ ಕಡೆಯೇ ನೋಡುತ್ತಿದ್ದಳು. ಪಕ್ಕದಲ್ಲಿ ಒಬ್ಬ ಮನುಷ್ಯ, ಲುಂಗಿ ಉಟ್ಟು ಬಿಳಿ ಶರಟು ಹಾಕಿದ್ದವರು, ಕವರಿನಿಂದ ತಾಟಿನಿಂಗು ತೆಗೆದು ಹೆಬ್ಬೆರಳ ಉಗುರಿನಲ್ಲಿ ಸಿಪ್ಪೆ ಬಿಡಿಸಿ ಮೊದಲು ಅವಳ ಕೈಗೆ ಕೊಟ್ಟರು, ಆಮೇಲೆ ನನಗೆ. ಒಂದು ಮಾತಿಲ್ಲ. ಅವಳು ತಿಂದಳು. ಬೆಳಿಗ್ಗೆಯಿಂದ ನೀರು ಕೂಡ ಕುಡಿದಿರಲಿಲ್ಲ, ಪುಟ್ಟಿ.

ಅವರೇ ನಿನ್ನ ಪಕ್ಕದ ಮಂಚದ ಹುಡುಗಿಯ ಅಪ್ಪ, ಶ್ರೀಕಾಕುಳಂನವರು. ಮೀನುಗಾರರು. ವಯಸ್ಸಿನಲ್ಲಿದ್ದಾಗ ಎರಡು ವರ್ಷ ಮಂಗಳೂರಿನ ಧಕ್ಕೆಯಲ್ಲಿ ಬೋಟಿಗೆ ಹೋಗುತ್ತಿದ್ದರಂತೆ, ಹಾಗಾಗಿ ಒಂದಿಷ್ಟು ಕನ್ನಡ ಬರುತ್ತದೆ. ಕೊಡಗು ಅಂದ ಕೂಡಲೇ ಮಳೆಯಾ ಅಂತ ಕೇಳಿದರು. ನಮ್ಮ ಪುಷ್ಪಗಿರಿಯ ಕುಮಾರಧಾರೆ ನೇತ್ರಾವತಿಗೆ ಸೇರಿ ಮಂಗಳೂರಲ್ಲೇ ಸಮುದ್ರ ಸೇರುತ್ತದಲ್ಲ, ನೀವು ಬಲೆ ಹಾಕಿದ್ದು ನಮ್ಮೂರ ನೀರಿಗೇ ಅಂದೆ. ಅವರಿಗೆ ಅದು ತುಂಬ ಹಿಡಿಸಿತು. ಅವತ್ತೇ ನಂಬರ್ ಬರೆದುಕೊಂಡೆವು. ಅವರು ನನಗಿಂತ ಎರಡು ವರ್ಷ ದೊಡ್ಡವರು, ಅಣ್ಣ ಅಂತಲೇ ಕರೆಯುತ್ತೇನೆ.

ನಮ್ಮ ಕೊಡಗಿನಲ್ಲಿ ಮಿಲ್ಟ್ರಿ ಅಂದರೆ ಆರ್ಮಿ. ಮಡಿಕೇರಿಗೆ ಹೋದರೆ ಕಾರ್ಯಪ್ಪನವರ ಪ್ರತಿಮೆ, ತಿಮ್ಮಯ್ಯನವರ ಪ್ರತಿಮೆ. ಯಾವ ಊರಿಗೆ ಹೋದರೂ ಒಬ್ಬ ಸುಬೇದಾರರು, ಒಬ್ಬ ಹವಾಲ್ದಾರರು ಸಿಕ್ಕೇ ಸಿಗುತ್ತಾರೆ. ನೇವಿ ಅಂದರೆ ಕೇಳಿ ತಿಳಿದುಕೊಳ್ಳೋಣ ಅಂದರೂ ನಮ್ಮ ಸುತ್ತ ಒಬ್ಬರಿಲ್ಲ. ಐಎನ್‌ಎಸ್ ಚಿಲ್ಕಾ ಅಂದಾಗ ನಿನ್ನಮ್ಮ ಅದೊಂದು ಹಡಗು ಅಂದುಕೊಂಡಿದ್ದಳು. ಮೊದಲ ದಿನದಿಂದಲೇ ನೀನು ನೀರಿನ ಮಧ್ಯೆ ಇರುತ್ತೀಯಾ ಅಂತ ಎರಡು ವಾರ ನಿದ್ದೆ ಮಾಡಿರಲಿಲ್ಲ. ನೇವಿಯಲ್ಲಿ ನೆಲದ ಮೇಲಿನ ಕ್ಯಾಂಪಿಗೂ ಹಡಗಿನ ಥರವೇ ಹೆಸರಿಡುತ್ತಾರೆ ಅಂತ ನನಗಾದರೂ ಎಲ್ಲಿ ಗೊತ್ತಿತ್ತು? ಅದನ್ನು ಹೇಳಿಕೊಟ್ಟವರು ಅರಸೀಕೆರೆಯ ಅಕ್ಕ. ಅದೇ, ನಿನ್ನ ಬ್ಯಾಚಿನಲ್ಲೇ ಇದ್ದ ಆ ಹುಡುಗನ ತಾಯಿ. ಗಂಡ ತೀರಿಕೊಂಡು ಆರು ವರ್ಷವಾಗಿದೆ, ಒಬ್ಬನೇ ಮಗ. ಪಾಪ, ಮಗ ಹೊರಡುವ ಮುಂಚೆ ಒಂದು ನೋಟ್‌ಬುಕ್ ಇಟ್ಟುಕೊಂಡು ಎಲ್ಲವನ್ನೂ ಕೇಳಿ ಬರೆದುಕೊಂಡಿದ್ದರು. ಮೊದಲು 16 ವಾರ ಚಿಲ್ಕಾ, ಆಮೇಲೆ ಎಲೆಕ್ಟ್ರಿಕಲ್ ಆದರೆ ಜಾಮ್‌ನಗರದ ವಲ್ಸುರಾ, ಇಂಜಿನಿಯರಿಂಗ್ ಆದರೆ ಲೋನಾವಳದ ಶಿವಾಜಿ, ಹೀಗೆ. ರಾತ್ರಿ ಎಂಟೂವರೆಗೆ ಅವರದೂ ನಿನ್ನಮ್ಮನದೂ ಅಡುಗೆ ಮುಗಿಯುತ್ತದೆ, ಆಗ ಫೋನ್. ಇವತ್ತಿಗೂ ಒಂದು ದಿನ ತಪ್ಪಿಲ್ಲ.

ನಿನ್ನಮ್ಮ ನನ್ನ ಹತ್ತಿರ ಅಳುವುದಿಲ್ಲ. ನಾನು ಸೋತುಬಿಡುತ್ತೇನೆ ಅಂತ ಅವಳಿಗೆ ಭಯ. ನಾನೂ ಅವಳ ಮುಂದೆ ಏನೂ ಆಗಿಲ್ಲ ಅನ್ನುವ ಹಾಗೆ ಓಡಾಡುತ್ತಿದ್ದೆ. ಒಂದೇ ಮನೆಯಲ್ಲಿ ಇಬ್ಬರೂ ಸುಮ್ನೆ ಹೀಗೆ ಬಚ್ಚಿಟ್ಟುಕೊಂಡು ಎಷ್ಟು ದಿನ ಇರಲಿಕ್ಕಾಗುತ್ತದೆ ಹೇಳು. ಅವಳು ಅಕ್ಕನ ಹತ್ತಿರ ಅತ್ತಳು. ನಾನು ಅಣ್ಣನ ಹತ್ತಿರ ಹೇಳಿಕೊಂಡೆ. ಆಮೇಲೆ ನಿಧಾನಕ್ಕೆ ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಕಲಿತೆವು.

ಈಗ ಜುಲೈ ತಿಂಗಳ ವಿಷಯಕ್ಕೆ ಬರುತ್ತೇನೆ. ನಿನಗೆ ಗೊತ್ತಿರುವುದು ಅರ್ಧ ಮಾತ್ರ.

ಆ ಸಲ ಎಂಟು ದಿನ ಬಿಡದೆ ಹೊಯ್ದಿತು. ಕರೆಂಟ್ ಹೋಯಿತು, ಎರಡನೇ ದಿನಕ್ಕೆ ಟವರ್ ಕೂಡ ಹೋಯಿತು. ಅಬ್ಬಿಮರದ ಕೆಳಗಿನ ದಿಬ್ಬದ ಮೇಲೆ ನಿಂತರೆ ಒಂದು ಗೆರೆ ಸಿಗ್ನಲ್ ಸಿಗುತ್ತಿತ್ತಲ್ಲ, ಅದೂ ಇಲ್ಲ. ಅದರ ಹಿಂದಿನ ಭಾನುವಾರ ನೀನು ಹೇಳಿದ್ದೆ, ಬರುವ ವಾರ ಈಜಿನ ಟೆಸ್ಟ್, ಭಯ ಆಗುತ್ತಿದೆ ಅಂತ. ನಮ್ಮ ಕಡೆ ಹೊಳೆಗೆ ಮಕ್ಕಳನ್ನು ಇಳಿಸುತ್ತೇವಾ? ಮಲ್ಲಳ್ಳಿ ಜಲಪಾತಕ್ಕೆ ಕರೆದುಕೊಂಡು ಹೋದರೂ ಕೈ ಬಿಡುತ್ತಿರಲಿಲ್ಲ ನಾನು. ನಿನಗೆ ನೀರು ಅಂದರೆ ಭಯ ಹುಟ್ಟಿಸಿದವನೇ ನಾನು, ಈಗ ಅದೇ ನೀರು ನಿನ್ನ ನೌಕರಿ. ಇದನ್ನೇ ನೆನೆಸಿಕೊಂಡು ಎಂಟು ದಿನ ಕಳೆದೆ. ಭಾನುವಾರ ಬೆಳಿಗ್ಗೆಯಿಂದ ಸಂಜೆವರೆಗೆ ಕೊಡೆ ಹಿಡಿದು ದಿಬ್ಬದ ಮೇಲೆ ನಿಂತಿದ್ದೆ, ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು. ಜಿಗಣೆ ಹತ್ತಿ ಕಾಲೆಲ್ಲ ರಕ್ತ. ಫೋನ್ ಬರಲಿಲ್ಲ. ನೀನು ಅಲ್ಲಿ ಎಷ್ಟು ಸಲ ಮಾಡಿದ್ದೆಯೋ.

ಸೋಮವಾರ ಸಂಜೆ ಸುಬೇದಾರ್ ಮಾವ ಜೀಪಿನಲ್ಲಿ ಬಂದರು. ದಾರಿಗೆ ಮರ ಬಿದ್ದಿತ್ತು, ಅರ್ಧ ದಾರಿ ನಡೆದೇ ಬಂದಿದ್ದಾರೆ, ಈ ವಯಸ್ಸಿನಲ್ಲಿ. ಅವರ ಮನೆಯ ಹಳೇ ಲ್ಯಾಂಡ್‌ಲೈನ್ ಒಂದು ಹೇಗೋ ಜೀವ ಹಿಡಿದುಕೊಂಡಿತ್ತು. ನೀನು ಭಾನುವಾರ ನಮಗೆ ಮಾಡಿ ಮಾಡಿ ಸಿಗದೆ ಪಕ್ಕದ ಮಂಚದವಳಿಗೆ ಹೇಳಿದೆ, ಅವಳು ಅವರಪ್ಪನಿಗೆ ಹೇಳಿದಳು, ಅಣ್ಣ ನಮ್ಮ ಮೊಬೈಲಿಗೆ ಮಾಡಿ ಮಾಡಿ ಕೊನೆಗೆ ಅರಸೀಕೆರೆಗೆ ಮಾಡಿದರು, ಸುಬೇದಾರ್ ಮಾವನ ಮನೆ ನಂಬರ್ ಆ ಅಕ್ಕನ ನೋಟ್‌ಬುಕ್ಕಿನಲ್ಲಿತ್ತು, ನಿನ್ನಮ್ಮ ಯಾವಾಗಲೋ ಕೊಟ್ಟಿದ್ದಳಂತೆ. ಮಾವ ಒಂದು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. "ಈಜು ಪಾಸ್. ಆರೋಗ್ಯ ಚೆನ್ನಾಗಿದೆ. ಊಟ ಮಾಡುತ್ತಿದ್ದಾಳೆ." ಅಷ್ಟೇ. ಒದ್ದೆಯಾಗಿ ಶಾಯಿ ಹರಡಿತ್ತು. ಆ ಚೀಟಿ ಈಗಲೂ ದೇವರ ಫೋಟೋದ ಹಿಂದೆ ಇದೆ.

ಒಡಿಶಾದಿಂದ ಆಂಧ್ರ, ಆಂಧ್ರದಿಂದ ಅರಸೀಕೆರೆ, ಅಲ್ಲಿಂದ ನಮ್ಮ ಕಾಡಿನ ಮಧ್ಯದ ಮನೆಗೆ. ಆಮೇಲೆ ಅಣ್ಣ ಹೇಳಿದರು, ನಿನ್ನನ್ನು ಮೊದಲ ಸಲ ನೀರಿಗೆ ಇಳಿಸುವಾಗ ಅವರ ಮಗಳು ಕೊಳದ ಅಂಚಿನಲ್ಲಿ ನಿಂತು ಉಸಿರು ಎಣಿಸಿಕೊಟ್ಟಳಂತೆ. ನೀನು ಇದನ್ನು ನಮಗೆ ಹೇಳೇ ಇಲ್ಲ.

ಸುಬೇದಾರ್ ಮಾವನ ಮನೆಯ ಅತ್ತೆಯ ಬಗ್ಗೆಯೂ ಹೇಳಬೇಕು. 1999ರಲ್ಲಿ ಕಾರ್ಗಿಲ್ ಆದಾಗ ಮಾವ ಅಲ್ಲಿದ್ದರು. ಆರು ವಾರ ಒಂದು ಕಾಗದ ಇಲ್ಲ, ಫೋನ್ ಇಲ್ಲ. ಇಬ್ಬರು ಚಿಕ್ಕ ಮಕ್ಕಳು, ತೋಟ ಬೇರೆ. ಅವರು ನಿನ್ನಮ್ಮನಿಗೆ ದೊಡ್ಡ ಧೈರ್ಯದ ಮಾತು ಹೇಳಿಲ್ಲ. ಬಂದು ಅಡುಗೆಮನೆಯಲ್ಲಿ ಕೂತು ಮೆಣಸು ಬಿಡಿಸುತ್ತಾರೆ. ಫೋನ್ ಬಂದಾಗ ಯಾವಾಗ ಬರ್ತೀಯಾ ಅಂತ ಮಾತ್ರ ಕೇಳಬೇಡ, ಏನು ತಿಂದೆ ಅಂತ ಕೇಳು ಅಂದರು. ಗಮನಿಸಿದ್ದೀಯಾ? ನಿನ್ನಮ್ಮ ಯಾವಾಗಲೂ ಊಟದ ವಿಷಯವೇ ಕೇಳುತ್ತಾಳೆ. ಬೇರೆ ಏನೂ ಕೇಳೋಕೆ ಗೊತ್ತಿಲ್ಲ ಅಂತಲ್ಲ.

ಇನ್ನು ನಿನ್ನ ಟ್ರೈನಿಂಗ್ ಮುಗಿದಾಗಿನ ಪರೇಡ್. ಅದೊಂದನ್ನು ಬರೆಯದೆ ಈ ಕಾಗದ ಮುಗಿಯಲ್ಲ.

ಬೆಂಗಳೂರಿನಿಂದ ರೈಲು ಹತ್ತಿದೆವು. ಮಾರನೇ ದಿನ ಶ್ರೀಕಾಕುಳಂ ರೋಡ್ ಸ್ಟೇಷನ್ನಿನಲ್ಲಿ ಅಣ್ಣ ಅತ್ತಿಗೆ ನಮ್ಮ ಬೋಗಿಗೇ ಹತ್ತಿದರು. ಕೈಯಲ್ಲಿ ನಾಲ್ಕು ಜನಕ್ಕೆ ಊಟ, ಬಾಳೆಲೆಯಲ್ಲಿ ಕಟ್ಟಿದ ಪುಳಿಹೋರ. ನಿನ್ನಮ್ಮ ಕಾಫಿಪುಡಿ, ಕಾಚಂಪುಳಿ ಬಾಟಲಿ ಕೊಟ್ಟಳು. ಅತ್ತಿಗೆಗೆ ಕನ್ನಡ ಬರಲ್ಲ, ಇವಳಿಗೆ ತೆಲುಗು ಬರಲ್ಲ. ಬಾಲುಗಾಂವ್ ಬರುವವರೆಗೂ ಇಬ್ಬರೂ ಕೈ ಹಿಡಿದುಕೊಂಡೇ ಕೂತಿದ್ದರು.

ಸೂರ್ಯ ಮುಳುಗಿದ ಮೇಲೆ ಪರೇಡ್ ಅಂತ ನನಗೆ ಮೊದಲು ನಂಬಿಕೆ ಬರಲಿಲ್ಲ. ಮೊದಲ ಅಗ್ನಿವೀರರ ಬ್ಯಾಚ್ 2023ರ ಮಾರ್ಚ್ 28ರಂದು ಹಾಗೆ ದೀಪದ ಬೆಳಕಿನಲ್ಲಿ ನಡೆದುಬಂದಿತ್ತಂತೆ. ಅಕ್ಕ ಅದನ್ನೂ ಬರೆದಿಟ್ಟುಕೊಂಡಿದ್ದರು. ಎಲ್ಲರೂ ಬಿಳಿ ಬಟ್ಟೆ, ಒಂದೇ ಎತ್ತರ, ಒಂದೇ ಹೆಜ್ಜೆ. ನಾನು ಹುಡುಕಿದೆ, ಸಿಗಲಿಲ್ಲ ನೀನು. ಹೆತ್ತ ಮಗಳು ಗುರುತು ಸಿಗದೆ ಹೋಯಿತಲ್ಲ ಅಂತ ಗಾಬರಿಯಾಯಿತು. ಆಗ ಅತ್ತಿಗೆ ನನ್ನ ತೋಳು ಹಿಡಿದು ಅಲ್ಲಾಡಿಸಿ ಬೆರಳು ತೋರಿಸಿದರು. ಎರಡನೇ ಸಾಲು, ಬಲಗಡೆಯಿಂದ ಐದನೆಯವಳು. ಅವರು ತಮ್ಮ ಮಗಳನ್ನು ಇನ್ನೂ ಹುಡುಕುತ್ತಿದ್ದರು, ಪುಟ್ಟಿ, ನೀನು ಮೊದಲು ಕಂಡೆ ಅವರಿಗೆ. ನಾಲ್ಕು ತಿಂಗಳು ಫೋಟೋದಲ್ಲಿ ಇಬ್ಬರನ್ನೂ ಒಟ್ಟಿಗೆ ನೋಡಿದ್ದರಲ್ಲ. ಆಮೇಲೆ ನಿನ್ನಮ್ಮ ಅವರ ಮಗಳನ್ನು ಹುಡುಕಿಕೊಟ್ಟಳು. ನನ್ನ ಕಣ್ಣು ಆಗಲೇ ಮಂಜಾಗಿತ್ತು.

ಕಷ್ಟದ ಮಾತೂ ಆಡುತ್ತೇವೆ. ನಾಲ್ಕು ವರ್ಷ ಆದ ಮೇಲೆ ಏನು ಅನ್ನುವುದು ಎಲ್ಲರ ಮನಸ್ಸಿನಲ್ಲೂ ಇದೆ. 2022ರಲ್ಲಿ ನಾಲ್ಕು ವರ್ಷದ ಈ ಅಗ್ನಿಪಥ್ ಸ್ಕೀಮ್ ಬಂದಾಗಲೇ ಹೇಳಿದ್ದರು, ನೂರಕ್ಕೆ ಹೆಚ್ಚೆಂದರೆ 25 ಜನ ಮುಂದುವರಿಯುತ್ತಾರೆ ಅಂತ. ನಿನಗೂ ಗೊತ್ತು. ಮೊದಲ ವರ್ಷ ತಿಂಗಳಿಗೆ 30,000, ಅದರಲ್ಲಿ 9,000 ನಿಧಿಗೆ ಹೋಗಿ ಕೈಗೆ 21,000. ಅಷ್ಟೇ ಮೊತ್ತ ಸರ್ಕಾರವೂ ನಿಧಿಗೆ ಹಾಕುತ್ತದೆ. ಹೊರಗೆ ಬರಬೇಕಾದರೆ ಅದು ಒಟ್ಟಿಗೆ ಸಿಗುತ್ತದೆ. ಅಕ್ಕನ ಮಗ ಉಳಿದು ನೀನು ಹೊರಗೆ ಬಂದರೆ, ಅಥವಾ ನೀನು ಉಳಿದು ಅವನು ಬಂದರೆ, ನಾವು ಹೀಗೇ ಮಾತಾಡಿಕೊಂಡು ಇರುತ್ತೇವಾ ಅಂತ ಒಂದು ದಿನ ಅಕ್ಕನೇ ನೇರವಾಗಿ ಕೇಳಿದರು. ನಿನ್ನಮ್ಮ ಇರುತ್ತೇವೆ ಅಂದಳು. ನನಗೂ ಅದೇ ನಂಬಿಕೆ. ನೀನು ಮನೆಗೆ ಇಷ್ಟೇ ಕಳಿಸಬೇಕು ಅಂತ ಲೆಕ್ಕ ಹಾಕಬೇಡ. ಈ ಸಲ ಕಾಫಿಗೆ ರೇಟ್ ಚೆನ್ನಾಗಿದೆ.

ಗೋವಾದಿಂದ 2024ರ ಅಕ್ಟೋಬರ್ 2ರಂದು ಹೊರಟು ತಾರಿಣಿ ಅನ್ನುವ ಹಾಯಿದೋಣಿಯಲ್ಲಿ ಇಡೀ ಭೂಮಿ ಸುತ್ತಿ 2025ರ ಮೇ 29ಕ್ಕೆ ವಾಪಸ್ ಬಂದರಲ್ಲ ಆ ಇಬ್ಬರು ಆಫೀಸರ್‌ಗಳು, ದಿಲ್ನಾ ಮತ್ತು ರೂಪಾ. ದಿಲ್ನಾ ನಮ್ಮ ಘಟ್ಟದ ಕೆಳಗಿನ ಕೋಯಿಕ್ಕೋಡಿನವರು. ನೀನು ಅವರ ಫೋಟೋ ಗೋಡೆಗೆ ಅಂಟಿಸಿದ್ದೆ. ಮೊದಲು ಅದನ್ನು ನೋಡಿದಾಗ ಎಂಥ ಧೈರ್ಯದ ಹುಡುಗಿಯರು ಅನ್ನಿಸುತ್ತಿತ್ತು. ಈಗ ಅವರ ಮನೆಯಲ್ಲಿ ಆ ಎಂಟು ತಿಂಗಳು ಯಾರು ಯಾರ ಹತ್ತಿರ ಕೂತು ಮಾತಾಡಿದರೋ ಅನ್ನಿಸುತ್ತದೆ.

ಬರುವ ಭಾನುವಾರ ಮಾದಾಪುರದ ಕಡೆಯಿಂದ ಒಂದು ಗಂಡ ಹೆಂಡತಿ ನಮ್ಮ ಮನೆಗೆ ಬರುತ್ತಿದ್ದಾರೆ. ಅವರ ಮಗನಿಗೆ ಚಿಲ್ಕಾಕ್ಕೆ ಬರಲು ಪತ್ರ ಬಂದಿದೆ. ಆ ತಾಯಿ ಫೋನಿನಲ್ಲಿ ನಿನ್ನಮ್ಮನ ಹತ್ತಿರ ಹಡಗಿನಲ್ಲಿ ಚಳಿ ಜಾಸ್ತಿ ಇರುತ್ತದಾ ಅಂತ ಕೇಳಿದರಂತೆ. ನಿನ್ನಮ್ಮ ಹಡಗಲ್ಲ ಅದು, ನೆಲವೇ, ನೀವು ಮೊದಲು ಬನ್ನಿ, ಊಟ ಮಾಡಿಕೊಂಡು ಮಾತಾಡೋಣ ಅಂದಿದ್ದಾಳೆ. ಬಟ್ಟೆ ಒಣಗಿಸಲು ಹಗ್ಗ, ಕ್ಲಿಪ್, ಉಗುರು ಕತ್ತರಿ, ಸೂಜಿ ದಾರ ಅಂತ ಚೀಟಿ ಬರೆದಿಟ್ಟಿದ್ದಾಳೆ. ಅಣ್ಣನಿಗೂ ಹೇಳಿದ್ದೇನೆ. ಅವರ ರೈಲು ಯಾವತ್ತು ಅಂತ ತಿಳಿಸಿ, ಸ್ಟೇಷನ್ನಿಗೆ ಊಟ ತರುತ್ತೇನೆ ಅಂದರು.

ನಿನ್ನ ಕಾಲೇಜಿನ ಶೂ ಮಳೆಗಾಲದಲ್ಲಿ ಬೂಸ್ಟು ಹಿಡಿಯದಿರಲಿ ಅಂತ ನಿನ್ನಮ್ಮ ಮೂರು ದಿನಕ್ಕೊಮ್ಮೆ ಒರೆಸಿ ಒಲೆಯ ಹತ್ತಿರ ಇಡುತ್ತಿದ್ದಳು. ಈಗ ಬಿಸಿಲು ಬಂದಿದೆ. ಕಣದಲ್ಲಿ ಕಾಫಿ ಹರಡಿದ ಪಕ್ಕದಲ್ಲೇ ಅದನ್ನೂ ಇಟ್ಟಿದ್ದಾಳೆ.

ನಿನ್ನ ಅಪ್ಪಾಜಿ