ಕೆಂಚಿ ಆ ರಾತ್ರಿ ಬೊಗಳಲೇ ಇಲ್ಲ

ಮಾನ್ಯ ಸಂಪಾದಕರೇ,

ನಮ್ಮ ಎರಡನೇ ಅಡ್ಡರಸ್ತೆಯ ಘಟನೆ ಬಗ್ಗೆ ನಿನ್ನೆ ಮೂರನೇ ಪುಟದಲ್ಲಿ ಎಂಟು ಸಾಲು ಬಂದಿದೆ. ನಾಯಿ ಬೊಗಳಿತು, ಕುಡಿದಿದ್ದವನಿಗೆ ಸಿಟ್ಟು ಬಂತು, ಹೊಡೆದು ಕೊಂದ ಎಂದು. ನಾನು ಎದುರು ಮನೆಯವಳು. ಕೆಂಚಿ ಆ ರಾತ್ರಿ ಬೊಗಳಲೇ ಇಲ್ಲ. ಅವನ ಬೈಕಿನ ಸದ್ದು ಕೇಳಿದರೆ ಸಾಕು, ಬಾಲ ಮುದುರಿಕೊಂಡು ಜಗಲಿ ಬೆಂಚಿನ ಕೆಳಗೆ ಸೇರುತ್ತಿತ್ತು. ಅವನು ಮೊದಲು ಹೊಡೆದದ್ದು ಹೆಂಡತಿಯನ್ನು. ಅವಳು ಅಳದೆ ನಿಂತಳು. ಆಮೇಲೆ ನಾಯಿಯನ್ನು ಎಳೆದು ತಂದು ಪೈಪಿನಲ್ಲಿ ಬಡಿದ. ‘ನಾಳೆ ನಿನಗೂ ಇದೇ ಗತಿ’ ಎಂದು ಕೂಗಿದ್ದು ಇಡೀ ಬೀದಿಗೆ ಕೇಳಿದೆ. ಆ ಮಾತು ನಿಮ್ಮ ಸುದ್ದಿಯಲ್ಲಿ ಯಾಕಿಲ್ಲ? ಪೊಲೀಸರು ಬರೆದುಕೊಳ್ಳಲಿಲ್ಲ, ಅದಕ್ಕೇ ಇಲ್ಲ.

ನನಗೆ 67 ವರ್ಷ. ಮಂಡಿ ನೋವು, ಸಕ್ಕರೆ ಕಾಯಿಲೆ ಎರಡೂ ಇವೆ. ಆ ರಾತ್ರಿ ರಕ್ತ ಸೋರುವ ನಾಯಿಯನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ನಾನೇ ರಸ್ತೆಗೆ ಬಂದೆ. ಇಬ್ಬರು ಆಟೋದವರು ಸೀಟು ಹಾಳಾಗುತ್ತೆ ಎಂದು ಹೋಗಿಬಿಟ್ಟರು. ಮೂರನೆಯವನು 400 ರೂಪಾಯಿ ಕೇಳಿದ, ಕೊಟ್ಟೆ. ಪಶು ಆಸ್ಪತ್ರೆಗೆ ಬೀಗ. ಬೆಳಿಗ್ಗೆ ಬನ್ನಿ ಎಂದ ಕಾವಲುಗಾರ. ಮೆಟ್ಟಿಲ ಮೇಲೆ ಕೂತೆ. ಎರಡು ಗಂಟೆ ಸುಮಾರಿಗೆ ಅದರ ಉಸಿರು ನಿಂತಿತು.

ಮಾರನೇ ದಿನ ಅವಳನ್ನು ಕರೆದುಕೊಂಡು ಠಾಣೆಗೆ ಹೋದೆ. ಹತ್ತು ಗಂಟೆಯಿಂದ ಎರಡು ಗಂಟೆವರೆಗೆ ಬೆಂಚಿನ ಮೇಲೆ. ಸಾಹೇಬರು ಬಂದೋಬಸ್ತಿಗೆ ಹೋಗಿದ್ದಾರಂತೆ. ಊಟವಿಲ್ಲ, ಮಾತ್ರೆಯಿಲ್ಲ, ತಲೆ ಸುತ್ತಿ ಬಂತು. ಕೊನೆಗೆ ಬಂದವರು ಅವಳ ಊದಿದ ಕೆನ್ನೆ ನೋಡಿಯೂ ಹೇಳಿದ್ದೇನು ಗೊತ್ತಾ? ‘ಟೀಚರ್, ನಾಯಿ ವಿಷಯ ಬೇರೆ, ಗಂಡ ಹೆಂಡತಿ ಜಗಳ ಬೇರೆ. ಎರಡನ್ನೂ ಯಾಕೆ ಸೇರಿಸ್ತೀರಿ?’ ನಾಯಿಯ ದೂರಿಗೆ ಒಂದು ಹಿಂಬರಹದ ಚೀಟಿ ಕೊಟ್ಟರು. ಅವಳಿಗೆ ಬುದ್ಧಿವಾದ ಹೇಳಿದರು. ಅವನಿಗೆ ಏನೂ ಇಲ್ಲ. ಸಂಜೆ ಮನೆಗೆ ಬಂದು ಟಿವಿ ನೋಡುತ್ತಿದ್ದ.

ಎರಡೂ ಬೇರೆ ಅಲ್ಲ ಸ್ವಾಮಿ. ಹೋದ ವರ್ಷ ಅವಳು ಬ್ಯಾಗು ತುಂಬಿಕೊಂಡು ಹೊರಟಿದ್ದಳು. ಹೆಂಗಸರ ಆಶ್ರಯ ಕೇಂದ್ರವೊಂದಕ್ಕೆ ನಾನೇ ಫೋನ್ ಮಾಡಿದ್ದೆ. ನಾಯಿ ತರುವಂತಿಲ್ಲ ಅಂದರು. ನನ್ನ ಹತ್ತಿರ ಬಿಡಮ್ಮ ಅಂದೆ. ‘ಎದುರು ಮನೆಯಲ್ಲಿದ್ದರೆ ಅವನು ಬಿಡ್ತಾನಾ ಟೀಚರ್, ನಾನು ವಾಪಸ್ ಬರಲಿ ಅಂತಾನೇ ಅದನ್ನ ಹೊಡೀತಾನೆ’ ಎಂದಳು. ಬ್ಯಾಗು ಬಿಚ್ಚಿದಳು. ಅವಳೇ ಒಪ್ಪಿದ್ದಕ್ಕೆ ಇದನ್ನೆಲ್ಲ ಬರೆಯುತ್ತಿದ್ದೇನೆ.

ಅಮೆರಿಕದಲ್ಲಿರುವ ನನ್ನ ಮಗಳಿಗೆ ಹೇಳಿದೆ. ಅಲ್ಲಿ ಇದು ಹಳೇ ವಿಷಯವಂತೆ. ಯೂಟಾ ರಾಜ್ಯದ ಆಶ್ರಯ ಮನೆಯಲ್ಲಿದ್ದ 38 ಹೆಂಗಸರನ್ನು ಕೇಳಿ ಒಬ್ಬ ಪ್ರೊಫೆಸರು 1998ರಲ್ಲೇ ಬರೆದಿದ್ದಾರೆ. ಸಾಕುಪ್ರಾಣಿ ಇದ್ದವರಲ್ಲಿ ನೂರಕ್ಕೆ 71 ಮಂದಿ, ಗಂಡ ಅಥವಾ ಸಂಗಾತಿ ಅದಕ್ಕೂ ಬೆದರಿಕೆ ಹಾಕಿದ್ದ, ಹೊಡೆದಿದ್ದ ಅಥವಾ ಕೊಂದಿದ್ದ ಎಂದರಂತೆ. ಮೇನ್ ರಾಜ್ಯದಲ್ಲಿ 2006ರಿಂದ ಹೆಂಗಸಿಗೆ ಕೊಡುವ ರಕ್ಷಣಾ ಆದೇಶದಲ್ಲಿ ಅವಳ ನಾಯಿಯನ್ನೂ ಸೇರಿಸಬಹುದು.

ನಮ್ಮಲ್ಲಿ? 2005ರ ಕೌಟುಂಬಿಕ ಹಿಂಸೆ ಕಾಯ್ದೆ ಓದಿದೆ. ಹೆಂಗಸಿಗೆ ಬೇಕಾದ ‘ವ್ಯಕ್ತಿ’ಗೆ ನೋವು ಮಾಡುತ್ತೇನೆ ಎಂದು ಪದೇ ಪದೇ ಬೆದರಿಸುವುದೂ ಹಿಂಸೆಯೇ. ನಾಯಿ ವ್ಯಕ್ತಿ ಅಲ್ಲವಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ! ಒಂದು ಮಸಾಲೆ ದೋಸೆ ತಿಂದು ಕಾಫಿ ಕುಡಿದರೆ ಅದಕ್ಕಿಂತ ಜಾಸ್ತಿ ಆಗುತ್ತೆ. ಆದರೆ ಪ್ರಾಣಿ ಕೊಂದರೆ ಹೊಸ ನ್ಯಾಯ ಸಂಹಿತೆಯ 325ನೇ ಸೆಕ್ಷನ್ನಿನಲ್ಲಿ 5 ವರ್ಷದವರೆಗೆ ಜೈಲು ಇದೆ. ಅದನ್ನು ಠಾಣೆಯವರಿಗೆ ನಾನು ಹೇಳಿಕೊಡಬೇಕಾ? 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ಇಷ್ಟಾದರೂ ‘ಮನೆ ಜಗಳ’ ಅಂತೀರಾ?

ನಮ್ಮ ಅಧಿಕಾರಿಗಳಿಗೆ ಯಾವುದೂ ಕಾಣುವುದಿಲ್ಲ. ಆ ಮನೆ ಮುಂದಿನ ಬೀದಿದೀಪ ಕೆಟ್ಟು ಎರಡು ವರ್ಷ. ನಾಲ್ಕು ಅರ್ಜಿ ಕೊಟ್ಟಿದ್ದೇನೆ. ಮೂರಕ್ಕೆ ಸ್ವೀಕೃತಿಯೂ ಇಲ್ಲ. ಚರಂಡಿ ಬಗ್ಗೆ ಕೊಟ್ಟದ್ದು ಇನ್ನೂ ಹಳೆಯದು. ಕತ್ತಲಲ್ಲಿ ನಾಯಿಯನ್ನು ಎತ್ತಿಕೊಂಡು ಬರುವಾಗ ಅದೇ ಚರಂಡಿ ಕಲ್ಲು ಎಡವಿದೆ. ದೀಪ ಇದ್ದಿದ್ದರೆ ನಾಲ್ಕು ಜನ ಕಣ್ಣಾರೆ ನೋಡಿ ಸಾಕ್ಷಿಯಾದರೂ ಹೇಳುತ್ತಿದ್ದರು. ಈಗ ‘ನೋಡಿದವರು ಯಾರು’ ಎಂದು ಕೇಳುತ್ತಾರೆ.

ಮೊದಲು ಅವನ ಮೇಲೆ ಎರಡೂ ಕೇಸು ಹಾಕಿ. ನಾಯಿಯದೂ ಹಾಕಿ, ಅವಳದೂ ಹಾಕಿ. ಕಾನೂನು ಸಾಲದಿದ್ದರೆ ಬದಲಿಸಿ. ಆಶ್ರಯ ಕೇಂದ್ರದಲ್ಲಿ ಒಂದು ಮೂಲೆಯನ್ನಾದರೂ ನಾಯಿ ಬೆಕ್ಕಿಗೆ ಬಿಡಿ. ಯಾರು ಮಾಡಬೇಕೋ ಅವರು ಮಾಡಿ, ಅವರ ಮೇಲೆ ಇವರು, ಇವರ ಮೇಲೆ ಅವರು ಹಾಕಬೇಡಿ. ಸಂಬಳ ತಗೊಳ್ಳುತ್ತೀರಿ ಅಲ್ವಾ? ಅವಳು ಇವತ್ತೂ ಅದೇ ಮನೆಯಲ್ಲಿದ್ದಾಳೆ. ಅವನೂ ಅಲ್ಲೇ ಇದ್ದಾನೆ. ಆ ಪೈಪು ಇನ್ನೂ ಜಗಲಿ ಮೇಲೆ ಬಿದ್ದಿದೆ, ಅದನ್ನು ವಶಕ್ಕೆ ತಗೊಳ್ಳಲೂ ಯಾರೂ ಬಂದಿಲ್ಲ.

– ನಿವೃತ್ತ ಶಿಕ್ಷಕಿ, ಎರಡನೇ ಅಡ್ಡರಸ್ತೆ
(ದಯವಿಟ್ಟು ಹೆಸರು ಹಾಕಬೇಡಿ, ಅವಳಿಗೆ ತೊಂದರೆಯಾಗುತ್ತದೆ)